ಗಾಳ ಹೊತ್ತ ಮೀನು

ಬೆಳಗಿನಿಂದ ಮಂಗಳಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಗಾಜಿನ ಮೇಲೆ ಕಣ್ಣು ನೋಯುವಷ್ಟು ಕೂತು ಮೀನು ಬರೆದವಳು ಅವಳು, ಮೈಸೂರಿನಿಂದ ಪುಸ್ತಕ ತರಿಸಿ ಭಾಷಣ ಬರೆದವಳು ಅವಳು. ಅದನ್ನು ಓದುವುದು ಮಾತ್ರ ಹೆಡ್‌ಮಾಸ್ಟರ್ ಸಿದ್ದರಾಜು!

ಮದ್ದೂರಿನಲ್ಲಿ ಕಮಿಟಿಯವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವಳು ಅವಳೊಬ್ಬಳೇ. ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಲ್ಲಿ ಗೋಡೆಗೆ ಬೀಳಿಸುವ ಮ್ಯಾಜಿಕ್ ಲ್ಯಾಂಟರ್ನ್ ತಂದು ಊರವರಿಗೆಲ್ಲ ಸಮುದ್ರದಾಳ ತೋರಿಸೋಣ ಎಂದು ಹೊರಟವಳೂ ಅವಳೇ. ಯುದ್ಧದ ಕಾಲ, ಸೀಮೆಎಣ್ಣೆಗೆ ಕಂಡಕಂಡವರನ್ನು ಅಂಗಲಾಚಿದ್ದಳು. ಹಿಂದಿನ ದಿನ ಕಮಿಟಿ ಪ್ರೆಸಿಡೆಂಟ್ ಚೌಡಯ್ಯ ಬಂದು ಗಾಜಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಹಣೆಯಿಂದ ಗಾಳದ ಕಡ್ಡಿ ಮೂಡಿದ, ಅದರ ತುದಿಯಲ್ಲಿ ದೀಪ ಹೊತ್ತ, ಅಗಲ ಬಾಯಿಯ ಮೀನು. ಅದರ ಹೊಟ್ಟೆಗೆ ಅಂಟಿಕೊಂಡ ಪುಟ್ಟದೊಂದು.

"ಈ ಚಿಕ್ಕದು ಮರಿಯೇನವ್ವಾ?"

"ಅಲ್ಲ, ಗಂಡು. ದೊಡ್ಡದು ಹೆಣ್ಣು, ಬೇಟೆ ಆಡೋದು ಅದೇ. ಗಂಡು ಅದನ್ನ ಕಚ್ಚಿ ಹಿಡಿದು ಅದರ ರಕ್ತದಲ್ಲೇ ಬದುಕುತ್ತೆ."

ಚೌಡಯ್ಯನ ಮುಖ ಹುಳ್ಳಗಾಯಿತು. "ಇದ್ನ ನಮ್ ಎಣ್ಮಕ್ಳ ಮುಂದೆ ಯೋಳ್ತೀಯಾ? ದೊಡ್ದನ್ನ ಗಂಡು ಅನ್ನು. ಆಗಲ್ಲ ಅಂದ್ರೆ ಕೆಲ್ಸ ಬುಟ್ಟು ಓಗು."

ಸುಳ್ಳು ಹೇಳುವುದಿಲ್ಲ ಎಂದಳು ಮಂಗಳಮ್ಮ. ಭಾಷಣದ ಹಾಳೆಗಳು ಆಗಲೇ ಸಿದ್ದರಾಜುವಿನ ಕೈಗೆ ಹೋದದ್ದು. "ಒಂದು ಮಾತು ತಾನೇ, ಮಂಗಳಮ್ಮ. ಮೀನೇನು ಎದ್ದುಬಂದು ಕೇಳುತ್ತಾ?" ಎಂದು ಅವನು ಹಲ್ಲುಗಿಂಜಿದ. ಓದಿದವನ ಬಾಯಲ್ಲಿ ಬರುವ ಮಾತೇ ಅದು?

ಈಗ ಕಿಟಕಿಗಳಿಗೆಲ್ಲ ಗೋಣಿತಾಟು ಹೊದಿಸಿದ್ದ ಶಾಲೆಯ ಹಾಲಿನ ಗೋಡೆಯ ಮೇಲೆ ಅವಳ ಮೀನು ಆಳೆತ್ತರಕ್ಕೆ ಮೂಡಿತ್ತು. ಮುಂದೆ ಗಂಡಸರು ಬೆಂಚಿನ ಮೇಲೆ, ಹಿಂದೆ ಹುಡುಗಿಯರೂ ಅವರ ತಾಯಂದಿರೂ ನೆಲದ ಮೇಲೆ. ಸಿದ್ದರಾಜು ಕೋಲು ಹಿಡಿದು ಶುರುಮಾಡಿದ.

"ಈ ಗಂಡು ಮೀನು ಹಗಲಿರುಳು ದುಡಿಯುತ್ತದೆ. ಹೆಂಡತಿಯನ್ನು ನೋಡಿ, ಗಂಡ ತಂದುಹಾಕಿದ್ದನ್ನು ತಿಂದುಕೊಂಡು ಅವನ ಮಗ್ಗುಲಲ್ಲೇ ಹಾಯಾಗಿದ್ದಾಳೆ. ಪತಿವ್ರತೆ ಎಂದರೆ ಹೀಗಿರಬೇಕು."

ಪತಿವ್ರತೆಯಂತೆ! ಮಂಗಳಮ್ಮನ ಪಕ್ಕದಲ್ಲೇ ಹುಡುಗಿಯೊಬ್ಬಳ ತಾಯಿ ಚಿಕ್ಕಬೋರಮ್ಮ ಕೂತಿದ್ದಳು. ನಾಟಿ ಗದ್ದೆಯಿಂದ ನೇರ ಬಂದವಳ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಅವಳ ಗಂಡ ಬೆಂಚಿನ ಮೇಲೆ ಕೂತು ತಲೆದೂಗುತ್ತಿದ್ದ. ಚಿಕ್ಕಬೋರಮ್ಮ, ತಾನೇ ಏನೋ ತಪ್ಪು ಮಾಡಿದವಳಂತೆ, ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅದನ್ನು ಕಂಡು ಮಂಗಳಮ್ಮನಿಗೆ ತಡೆಯಲಾಗಲಿಲ್ಲ.

"ಸುಳ್ಳು!" ಎಂದು ಎದ್ದು ನಿಂತಳು. "ಆ ದೊಡ್ಡದು ಹೆಣ್ಣು!"

"ದೀಪ ಆರುಸ್ರುಲಾ!" ಚೌಡಯ್ಯ ಅಬ್ಬರಿಸಿದ. ಯಾರೋ ಲ್ಯಾಂಟರ್ನ್ ಆರಿಸಿದರು. ಹಾಲೆಲ್ಲ ಕಗ್ಗತ್ತಲಾಯಿತು.

"ಒಳ್ಳೇದೇ ಆಯ್ತು," ಎಂದಳು ಮಂಗಳಮ್ಮ. "ಆ ಮೀನಿರೋ ಜಾಗ ಹಿಂಗೇ. ಅರ್ಧ ಮೈಲಿಗಿಂತ ಆಳ, ಬಿಸಿಲು ಅಲ್ಲಿಗೆ ಇಳಿಯಲ್ಲ. ಕೊರೆಯೋ ಚಳಿ, ಒಂದು ಎಲೆ ಚಿಗುರಲ್ಲ. ಊಟ ಸಿಗೋದೇ ಅಪರೂಪ. ಅಟ್ಟಿಸ್ಕೊಂಡು ಹೋದ್ರೆ ಇರೋ ಶಕ್ತೀನೂ ಹೋಗುತ್ತೆ. ಅದಕ್ಕೇ ಅಲ್ಲಾಡದೆ ನಿಂತು ದೀಪ ಆಡಿಸುತ್ತೆ. ತಿನ್ನೋಕೆ ಏನೋ ಇದೆ ಅಂತ ಇನ್ನೊಂದು ಮೀನು ಹತ್ರ ಬಂದ್ರೆ, ಗಬಕ್ಕನೆ ನುಂಗುತ್ತೆ. ಸಿಕ್ಕಿದ್ದು ತಪ್ಪಿಸ್ಕೊಳ್ಳದ ಹಾಗೆ ಹಲ್ಲು ಒಳಕ್ಕೆ ಬಾಗಿರುತ್ತೆ. ತನಗಿಂತ ದೊಡ್ಡದು ಸಿಕ್ಕಿದ್ರೂ ಹೊಟ್ಟೆ ಹಿಗ್ಗುತ್ತೆ."

"ಗಂಡಿಗೆ ದೀಪ ಇಲ್ವಾ, ಟೀಚರಮ್ಮ?" ಕತ್ತಲಲ್ಲಿ ಚಿಕ್ಕಬೋರಮ್ಮ ಕೇಳಿದಳು.

"ಇಲ್ಲ ಕಣಮ್ಮ. ಗಾಳಾನೂ ಇಲ್ಲ."

ಹೆಂಗಸರ ಕಡೆಯಿಂದ ಮೊದಲು ಒಂದು ನಗು, ಆಮೇಲೆ ಹತ್ತಾರು.

"ಅಚ್ರುಲಾ ದೀಪವ!" ಚೌಡಯ್ಯ ಕಿರುಚಿದ. ಲ್ಯಾಂಟರ್ನ್ ಹೊತ್ತಿತು, ಮೀನು ಮತ್ತೆ ಗೋಡೆಗೆ ಬಂತು. ಹೆಂಗಸರಲ್ಲಿ ಒಬ್ಬಳೂ ಎದ್ದು ಹೋಗಿರಲಿಲ್ಲ. ಚೌಡಯ್ಯ ಬೆರಳು ತೋರಿಸಿದ. "ನಾಳಿಂದ ಈ ಸ್ಕೂಲ್ಗೆ ಕಾಲಿಕ್ಕಬ್ಯಾಡ ನೀನು."

"ಇಕ್ಕಲ್ಲ. ಇವತ್ತು ಇನ್ನೂ ಮುಗಿದಿಲ್ಲವಲ್ಲ, ಸ್ವಾಮಿ," ಎಂದಳು.

ಸಿದ್ದರಾಜುವಿನ ಕೈಯಿಂದ ಕೋಲು ಕಿತ್ತುಕೊಂಡು, ಗೋಡೆಯ ಗಾರೆ ಉದುರುವಂತೆ ದೊಡ್ಡ ಮೀನಿನ ಮೇಲೆ ಊರಿದಳು.

"ಬರ್ಕೊಳ್ಳಿ ಮಕ್ಕಳೇ. ಇದು ಹೆಣ್ಣು."