ಹದಿನಾಲ್ಕು-ಬಿ ಕೊಕ್ಕೆಗಳು

ಸೋಮಪ್ಪ ಒಳಗೆ ಬಂದು, ಎರಡು ತುಂಡಾಗಿದ್ದ ಉಕ್ಕಿನ ಕೊಕ್ಕೆಯೊಂದನ್ನು ಧನಲಕ್ಷ್ಮಿಯ ಮೇಜಿನ ಮೇಲಿಟ್ಟ.

"ಸ್ಯಾಂಪಲ್ ಡಬ್ಬ ಜೋಡಿಸ್ತಿದ್ದೆ ಅಕ್ಕ. ಕೈಜಾರಿ ಬಿತ್ತು. ನೆಲಕ್ಕೆ ಬಿದ್ದೇಟಿಗೆ ಇಂಗಾಯ್ತು."

ಅವಳು ತುಂಡುಗಳನ್ನು ಎತ್ತಿಕೊಂಡಳು. ಎಷ್ಟು ಎಳೆದರೂ ಬಗ್ಗಬೇಕೇ ಹೊರತು ಮುರಿಯಬಾರದ ಉಕ್ಕು, ಬಳಪದ ಹಾಗೆ ಮುರಿದಿತ್ತು. ಒಂದು ತುಂಡಿನ ಮೇಲೆ '14-ಬಿ' ಎಂದು ಗುದ್ದಿದ್ದ ಗುರುತು. ಹದಿನಾಲ್ಕನೇ ತಾರೀಕಿನ ಎರಡನೇ ಬ್ಯಾಚು.

"ಇನ್ನೊಂದನ್ನ ನೋಡಿದ್ಯಾ?"

"ಸುತ್ತಿಗೇಲಿ ಬಡಿದೆ. ಅದೂ ಅಂಗೇ." ಸೋಮಪ್ಪನ ತುಟಿ ಒಣಗಿತ್ತು. "ಅವತ್ತು ಮಧ್ಯಾಹ್ನ ಕರೆಂಟ್ ಓಗಿತ್ತಲ್ಲಕ್ಕ. ಅಷ್ಟರಲ್ಲಿ ಒಂದ್ಸಲ ಕಾಯ್ಸಿ ಎಣ್ಣೇಗೆ ಅದ್ದಿ ತೆಗ್ದಿದ್ದೆ. ಎರಡನೇ ಸಲ ಕಾಯ್ಸೋದು ಸಂಜೆ ಶಿಫ್ಟ್‌ನೋರು ಮಾಡ್ತಾರೆ ಅನ್ಕೊಂಡೆ. ನಾನೇ ಮುಗ್ಸಿದೀನಿ ಅಂತ ಅವರು ಅನ್ಕೊಂಡವ್ರೆ."

ಎರಡನೇ ಸಲ ಹದವಾಗಿ ಕಾಯಿಸದಿದ್ದರೆ ಆ ಉಕ್ಕು ಗಾಜಿದ್ದಂತೆ. ಕಳಿಸುವ ಮುಂಚೆ ಪರೀಕ್ಷೆಗೆಂದು ಶೆಡ್ಡಿನವರು ಆರಿಸಿದ್ದ ಕೊಕ್ಕೆಗಳೆಲ್ಲ ಬೇರೆ ಬ್ಯಾಚಿನವಾಗಿದ್ದವು. ಧನಲಕ್ಷ್ಮಿ ರಿಜಿಸ್ಟರ್ ತೆಗೆದಳು. ಜುಲೈ ಹದಿನಾಲ್ಕು, 2012. ಬ್ಯಾಚ್ ಬಿ, ನೂರ ಎಂಬತ್ತು ಕೊಕ್ಕೆ. ಸ್ಯಾಂಪಲ್ಲಿಗೆ ಇಟ್ಟುಕೊಂಡ ಎರಡನ್ನು ಬಿಟ್ಟು ಅವೆಲ್ಲ ಬೇರೆ ಬ್ಯಾಚುಗಳೊಂದಿಗೆ ಹಡಗು ಹತ್ತಿ ಹಾಲೆಂಡ್ ತಲುಪಿ ಮೂರು ವಾರವಾಗಿತ್ತು.

ಅದು ಅವಳ ಮೊದಲ ರಫ್ತು. ಪೀಣ್ಯ ಎರಡನೇ ಹಂತದ ಆ ಶೆಡ್ಡಿನಲ್ಲಿ ಹತ್ತು ವರ್ಷ ಊರಿನ ಕಾರ್ಖಾನೆಗಳಿಗೇ ಮಾಲು ಮಾಡಿಕೊಟ್ಟಿದ್ದವಳು, ಸಣ್ಣ ಉದ್ದಿಮೆದಾರರ ಸಂಘದ ರಫ್ತು ಮಾರ್ಗದರ್ಶನ ಕೇಂದ್ರಕ್ಕೆ ಒಂದು ಮಂಗಳವಾರ ಅಂಜುತ್ತಲೇ ಹೋಗಿದ್ದಳು. ಅಲ್ಲಿ ಮಂಗಳವಾರ, ಶುಕ್ರವಾರ ಕೂರುತ್ತಿದ್ದವರು ರಾಮಾಂಜಿನಪ್ಪ, ದೊಡ್ಡ ಕಾರ್ಖಾನೆಯೊಂದರ ರಫ್ತು ವಿಭಾಗದಿಂದ ನಿವೃತ್ತರಾದವರು. ಪರವಾನಗಿ ಪಡೆಯುವುದು, ಪೆಟ್ಟಿಗೆ ಕಟ್ಟುವುದು, ವಿದೇಶಿ ಗಿರಾಕಿಗೆ ಪತ್ರ ಬರೆಯುವುದು, ಎಲ್ಲವನ್ನೂ ಅವರೇ ಕಲಿಸಿದ್ದರು. ಪ್ರತಿ ಕೊಕ್ಕೆಯ ಮೇಲೂ ಬ್ಯಾಚ್ ನಂಬರ್ ಗುದ್ದಲೇಬೇಕೆಂದು ಹಟ ಹಿಡಿದವರೂ ಅವರೇ.

ಕೊಕ್ಕೆ ಕೊಂಡ ಕಂಪನಿ ಹಾಲೆಂಡಿನ ವೃದ್ಧಾಶ್ರಮಗಳಿಗೆ ಎತ್ತುವ ಯಂತ್ರ ಮಾಡುತ್ತಿತ್ತು. ಎದ್ದು ಕೂರಲಾರದವರನ್ನು ಬಟ್ಟೆಯ ಜೋಲಿಯಲ್ಲಿಟ್ಟು ಹಾಸಿಗೆಯಿಂದ ಮೇಲೆತ್ತುವ ಯಂತ್ರ. ಆ ಜೋಲಿ ತೂಗುವುದು ಈ ಕೊಕ್ಕೆಯ ಮೇಲೆ.

ಅವಳು ಮುರಿದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಊಟಕ್ಕೆ ನಾಗಸಂದ್ರದ ಮನೆಗೆ ಹೋದಾಗ ಗಂಡ ಲೋಕೇಶನಿಗೆ ಹೇಳಿದಳು. ಅವನು ತಟ್ಟೆಯಿಂದ ಕೈ ತೆಗೆದ.

"ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

"ಗೊತ್ತಿಲ್ಲ ರೀ."

"ಮತ್ತೆ ನೀನಾಗೇ ಯಾಕೆ ಮೈಮೇಲೆ ಎಳ್ಕೋತೀಯ? ಕೇಸ್ ಹಾಕಿದ್ರೆ ಶೆಡ್ಡೂ ಇಲ್ಲ, ಮನೇನೂ ಇಲ್ಲ. ಸುಮ್ಮನಿರು. ಎಲ್ಲಾ ಮುರಿಯುತ್ವೆ ಅಂತ ಏನಿಲ್ಲ."

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಒಳಕೋಣೆಯಲ್ಲಿ ಅತ್ತೆ ಸೊಣ್ಣಮ್ಮ ಕರೆದರು. ಪಾರ್ಶ್ವವಾಯು ಬಡಿದ ಮೇಲೆ ಅವರನ್ನು ಕುರ್ಚಿಗೆ ಕೂರಿಸಲು ಇಬ್ಬರು ಬೇಕು. ಗಂಡ ಕಾಲ ಕಡೆ, ಅವಳು ತಲೆಯ ಕಡೆ ಹಿಡಿದು ಎತ್ತಿದರು. ಹಾಸಿಗೆಗೂ ಕುರ್ಚಿಗೂ ನಡುವೆ ಮುದುಕಿಯ ಭಾರವೆಲ್ಲ ತೋಳಿಗೆ ಬಿದ್ದಾಗ ಧನಲಕ್ಷ್ಮಿಗೆ ಆ ಬಟ್ಟೆಯ ಜೋಲಿ ನೆನಪಾಯಿತು.

"ಯಾಕವ್ವಾ, ಕೈ ಇಂಗೆ ನಡುಗ್ತೈತೆ? ಕೆಡವೀಯ ನನ್ನ," ಎಂದರು ಸೊಣ್ಣಮ್ಮ.

ಲೋಕೇಶ ಅವಳ ಮುಖ ನೋಡಿದ. ಆಮೇಲೆ ಸ್ಕೂಟರಿನ ಕೀಲಿ ತಂದುಕೊಟ್ಟ.

ಅಂದು ಶುಕ್ರವಾರ. ರಾಮಾಂಜಿನಪ್ಪ ಕೇಂದ್ರದಲ್ಲೇ ಇದ್ದರು. ಮುರಿದ ಕೊಕ್ಕೆಯನ್ನು ಕನ್ನಡಕ ಮೇಲೇರಿಸಿ ನೋಡಿದರು. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಸಾರ್, ಮೇಲ್ ಹಾಕ್ಲಾ?"

"ಮೇಲ್ ನೋಡೋದು ಯಾವಾಗ್ಲೋ. ಫೋನ್ ಮಾಡಮ್ಮ. ಅಲ್ಲಿ ಈಗ ಬೆಳಗ್ಗೆ ಹನ್ನೊಂದು."

"ನನ್ನ ಇಂಗ್ಲಿಷ್..."

"ಬ್ಯಾಚ್ ನಂಬರ್ ಹೇಳು, ಎಷ್ಟು ಪೀಸ್ ಹೇಳು, ಬಳಸ್ಬೇಡಿ ಅನ್ನು. ಅಷ್ಟು ಬರುತ್ತೆ ನಿಂಗೆ."

ಅವಳು ಆ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು, ಕೇಂದ್ರದ ಫೋನಿನಿಂದ ಕರೆ ಮಾಡಿದಳು. ಕೊಂಡ ಕಂಪನಿಯ ಇಂಗ್ರಿಡ್ ಎತ್ತಿಕೊಂಡಳು. ಧನಲಕ್ಷ್ಮಿ ತಡವರಿಸುತ್ತ ಓದಿದಳು. ಇಂಗ್ರಿಡ್ ನಂಬರನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡಳು. ಆಗಲೇ ಹಲವು ಯಂತ್ರಗಳಿಗೆ ಕೊಕ್ಕೆ ಹಾಕಿಯಾಗಿದೆ ಎಂದಷ್ಟೇ ಹೇಳಿ ಫೋನಿಟ್ಟಳು.

ಆಮೇಲಿನ ದಿನಗಳಲ್ಲಿ ಧನಲಕ್ಷ್ಮಿ ಮೊಬೈಲ್ ಸದ್ದಾದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಶೆಡ್ಡಿನಲ್ಲಿ ಯಾರಾದರೂ ಕಬ್ಬಿಣ ಬೀಳಿಸಿದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದಳು. ಸೋಮಪ್ಪ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೇ ದಿನ ಟಿ. ದಾಸರಹಳ್ಳಿಯ ಅವನ ಮನೆಗೇ ಹೋದಳು. ಅವನು ಬಾಗಿಲಲ್ಲೇ ಕೈಮುಗಿದ.

"ನಂದೇ ತೆಪ್ಪು ಅಕ್ಕ. ಪೊಲೀಸ್ ಬತ್ತಾರಾ?"

"ಆ ಕೊಕ್ಕೇನ ನೀನು ಗುಜರಿಗೆ ಎಸೆದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಸೋಮಪ್ಪ. ಬಾ, ಒಬ್ಬಳೇ ಕೂತಿರಕ್ಕೆ ನಂಗೂ ಭಯ ಆಗುತ್ತೆ."

ಅವನು ಅಂಗಿ ಹಾಕಿಕೊಂಡು ಬಂದ.

ಆರನೇ ದಿನ ಮೇಲ್ ಬಂತು. ನೂರ ಎಪ್ಪತ್ತೇಳು ಕೊಕ್ಕೆಗಳು ಸಿಕ್ಕಿವೆ. ಎರಡು ಪೀಣ್ಯದಲ್ಲೇ ಸ್ಯಾಂಪಲ್ಲಾಗಿ ಉಳಿದು ಮುರಿದಿದ್ದವು. ಇನ್ನೊಂದು ಸಿಕ್ಕಿಲ್ಲ. ಅದನ್ನು ಹಾಕಿದ ಯಂತ್ರವನ್ನು ಒಂದು ಆಶ್ರಮದವರು ಬೇರೆ ಊರಿನ ಆಶ್ರಮಕ್ಕೆ ಕೊಟ್ಟಿದ್ದಾರೆ, ಹುಡುಕುತ್ತಿದ್ದೇವೆ.

ಆ ಒಂದು ಕೊಕ್ಕೆ ಅವಳನ್ನು ನೂರ ಎಂಬತ್ತಕ್ಕಿಂತ ಹೆಚ್ಚು ಹೆದರಿಸಿತು. ಅತ್ತೆಯನ್ನು ಎತ್ತುವಾಗಲೆಲ್ಲ ಕಾಣದ ಊರಿನಲ್ಲಿ ಯಾರೋ ಈಗ ಮೇಲೇಳುತ್ತಿದ್ದಾರೆ ಎನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ಲೋಕೇಶ ತಾನಾಗಿಯೇ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, "ಸಿಕ್ತಾ?" ಎಂದು ಕೇಳುತ್ತಿದ್ದ.

ಒಂಬತ್ತನೇ ದಿನ ಇಂಗ್ರಿಡ್ ಫೋನ್ ಮಾಡಿದಳು. ಕೊಕ್ಕೆ ಸಿಕ್ಕಿತ್ತು. ಅದರ ಬಾಗಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಂದು ಬೆಳಿಗ್ಗೆಯೂ ಎಂಬತ್ತನಾಲ್ಕು ವರ್ಷದ ಒಬ್ಬ ಅಜ್ಜಿಯನ್ನು ಅದರಿಂದಲೇ ಎತ್ತಿ ಸ್ನಾನಕ್ಕೆ ಒಯ್ದಿದ್ದರು. ಅಜ್ಜಿಗೆ ಏನೂ ಆಗಿರಲಿಲ್ಲ.

ಧನಲಕ್ಷ್ಮಿ ಯಂತ್ರಗಳ ನಡುವೆ ನೆಲದ ಮೇಲೇ ಕುಳಿತುಬಿಟ್ಟಳು. ಸೋಮಪ್ಪ ನೀರು ತಂದುಕೊಟ್ಟ. ಅವಳು ಲೋಟ ಪಕ್ಕಕ್ಕಿಟ್ಟು ಮೊದಲು ಲೋಕೇಶನಿಗೆ ಫೋನ್ ಮಾಡಿದಳು.

ಮುಂದಿನ ಆರ್ಡರನ್ನು ಕಂಪನಿ ತಡೆಹಿಡಿಯಿತು. ಜನವರಿಯಲ್ಲಿ ಕಂಪನಿಯಿಂದ ಇಬ್ಬರು ಬಂದು ಎರಡು ದಿನ ಶೆಡ್ಡನ್ನೆಲ್ಲ ಜಾಲಾಡಿ, ಫರ್ನೇಸಿನ ರಿಜಿಸ್ಟರನ್ನು ಪುಟಪುಟ ನೋಡಿ, ನಗದೆಯೇ ಹೊರಟುಹೋದರು. ಏಪ್ರಿಲ್‌ನಲ್ಲಿ ಮೊದಲಿನದರ ಕಾಲು ಭಾಗದ ಆರ್ಡರ್ ಬಂತು. ರಾಮಾಂಜಿನಪ್ಪ ಅದನ್ನೋದಿ, "ಒಪ್ಕೊ. ಇಷ್ಟಾದ್ರೂ ಕೊಟ್ರಲ್ಲ," ಎಂದರು.

ಒಪ್ಪಿಕೊಂಡಳು. ಆದರೆ ಪತ್ರಕ್ಕೆ ಸಹಿ ಹಾಕುವ ಮುಂಚೆ, ಫರ್ನೇಸಿನ ರಿಜಿಸ್ಟರಿನಲ್ಲಿ ಗೆರೆ ಎಳೆದು 'ಎರಡನೇ ಸಲ ಕಾಯಿಸಿದವರ ಸಹಿ' ಎಂದು ಹೊಸ ಅಂಕಣ ಬರೆದಳು.