ರಸ್ತೆ ಫೋಟೊದಲ್ಲಿ ಬೀಗದ ಕೈ

ಕವನಾ ಕಣದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಮರದ ಹಲಗೆಯಿಂದ ಎಳೆದು ಹರವುತ್ತಿದ್ದಳು. ಅತ್ತೆ ರುಕ್ಮಿಣಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಇದು ತೋಟದ ಕೂಲಿಯಾಳು ಲಕ್ಕಯ್ಯ ಮಾಡುತ್ತಿದ್ದ ಕೆಲಸ. ಬೆಳಿಗ್ಗೆ ಬಂದು ಎರಡು ಸಾಲು ಎಳೆದು, ಬಿಸಿಲು ಹೇಗಿದೆ ಅಂತ ಒಂದು ಮಾತು ಹೇಳಿ, ಆಮೇಲೆ ಕಾಫಿ ಕೇಳುವ ಮನುಷ್ಯ. ಅವರು ಬರದೆ ಹನ್ನೊಂದು ದಿನವಾಗಿತ್ತು.

ಬಾಳೂರಿನ ಕಡೆ ರಸ್ತೆಗೆ ತಾಗಿದ ಮೂರೆಕರೆ ತೋಟ ಇವರದು. ಕುಯ್ಲಿನ ದಿನಗಳಲ್ಲಿ ಮನೆಮಂದಿ ಎಲ್ಲ ತೋಟಕ್ಕೆ ಇಳಿಯುತ್ತಾರೆ. ಆದರೂ ಕಣದ ಕಾಫಿ ಎಳೆಯಲು, ಮೋಡ ಬಂದರೆ ಟಾರ್ಪಾಲು ತೆಗೆಯಲು ಯಾರಾದರೂ ಒಬ್ಬರು ನಡುನಡುವೆ ಮನೆಗೆ ಬರಲೇಬೇಕು. ಅದಕ್ಕಾಗಿ ಬೀಗದ ಕೈಯನ್ನು ಯಾರೂ ಜೊತೆಗೆ ಒಯ್ಯುವುದಿಲ್ಲ. ಜಗಲಿಯ ಗೋಡೆಯಲ್ಲಿ ಒಂದು ಹಳೇ ಗೊರಬೆ ತೂಗುತ್ತಿರುತ್ತದೆ. ಹಿಂದೆಲ್ಲ ಮಳೆಯಲ್ಲಿ ಕೆಲಸ ಮಾಡುವಾಗ ಬೆನ್ನಿಗೆ ಹಾಕುತ್ತಿದ್ದ ಎಲೆಯ ಗೊರಬೆ. ಅದರ ಹಿಂದಿನ ಮೊಳೆಯಲ್ಲಿ ಬೀಗದ ಕೈ. ಆ ರಸ್ತೆಯ ಬಹಳ ಮನೆಗಳಲ್ಲಿ ಇದೇ ಪದ್ಧತಿ. ಒಂದು ಮನೆಯಲ್ಲಿ ಹೂಕುಂಡದ ಅಡಿ, ಇನ್ನೊಂದು ಮನೆಯಲ್ಲಿ ಹರಿದ ಗಂಬೂಟಿನ ಒಳಗೆ.

ಹನ್ನೊಂದು ದಿನದ ಹಿಂದೆ, ಎಲ್ಲರೂ ತೋಟದಲ್ಲಿದ್ದಾಗ, ಹಾಡಹಗಲೇ ಮನೆಯಿಂದ ಆರು ಚೀಲ ಕಾಳುಮೆಣಸು ಹೋಯಿತು. ಬೀಗ ಒಡೆದಿರಲಿಲ್ಲ. ಹೆಂಚು ತೆಗೆದಿರಲಿಲ್ಲ. ಕವನಾಳ ಗಂಡ ಯೋಗೇಶ್ ಅಂಗಳದಲ್ಲಿ ನಿಂತು ಬೆರಳು ಮಡಿಸಿದ.

"ಬೀಗದ ಕೈ ಎಲ್ಲಿರುತ್ತೆ ಅಂತ ಗೊತ್ತಿರೋದು ನಾಲ್ಕು ಜನಕ್ಕೆ. ಅದ್ರಲ್ಲಿ ಮೂರು ಜನ ನಾವೇ."

ನಾಲ್ಕನೆಯ ಹೆಸರನ್ನು ಅವನು ಠಾಣೆಯಲ್ಲಿ ಹೇಳಿದ. ಲಕ್ಕಯ್ಯನನ್ನು ಎರಡು ದಿನ ಅಲ್ಲಿ ಕೂರಿಸಿದರು. ವಾಪಸ್ ಬರುವಾಗ ಅವರು ಒಂದು ಕಾಲು ಎಳೆದುಕೊಂಡು ಬಂದರು, ಅಂಗಳದ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಿದ್ದ ಲಕ್ಕಯ್ಯನ ಹೆಂಡತಿ ಭಾಗಮ್ಮನಿಗೂ ಅಲ್ಲಿನ ಮೇಸ್ತ್ರಿ ನಾಳೆಯಿಂದ ಬರಬೇಡ ಅಂದನಂತೆ. ಅಂಗಡಿಗೆ ಭಾಗಮ್ಮ ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು.

ಕವನಾ ಒಂದು ವಿಷಯ ಗಮನಿಸಿದ್ದಳು. ಕಳ್ಳತನವಾದ ದಿನ ಗೊರಬೆ ತಲೆಕೆಳಗಾಗಿ ತೂಗುತ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನು ತೆಗೆದು ಹಾಕಿದ ಕೈ ಹಾಗೆ ಹಾಕುವುದಿಲ್ಲ. ಹೇಳಬೇಕು ಅಂತ ಬಾಯಿಯವರೆಗೆ ಬಂತು. ಆದರೆ ಅಂಗಳದಲ್ಲಿ ಪೊಲೀಸರು, ಊರಿನ ಗಂಡಸರು ತುಂಬಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಸುಮ್ಮನೆ ಒಳಗೆ ಹೋಗಿಬಿಟ್ಟಳು.

ಕವನಾ ತಾನೇ ಕಾಫಿ ಎಳೆದ ಆ ಹನ್ನೊಂದನೇ ದಿನ ಮಧ್ಯಾಹ್ನ ಯೋಗೇಶನಿಗೆ ಠಾಣೆಯಿಂದ ಕರೆ ಬಂತು. ಹೊರನಾಡಿನ ರಸ್ತೆಯಲ್ಲಿ ಇನ್ನೊಂದು ಮನೆಗೆ ನುಗ್ಗಿದ ಇಬ್ಬರು ಸಿಕ್ಕಿಬಿದ್ದಿದ್ದರು. ಎಲ್ಲೋ ಹೊರಗಿನವರು. ಅವರ ಫೋನಿನಲ್ಲಿ ಸುಮಾರು ಮನೆಗಳ ಫೋಟೊ ಇದ್ದವು, ಅದರಲ್ಲಿ ಇವರ ಮನೆಯದೂ ಒಂದು. ಯೋಗೇಶ್ ಆ ಫೋಟೊವನ್ನು ತನ್ನ ಫೋನಿಗೆ ತೆಗೆದುಕೊಂಡು ಬಂದು ತೋರಿಸಿದ. ಗೇಟು, ಕಣ, ಜಗಲಿ ಎಲ್ಲ ಕಾಣುತ್ತಿತ್ತು. ಜಗಲಿಯಲ್ಲಿ ರುಕ್ಮಿಣಮ್ಮ ಗೊರಬೆ ಎತ್ತಿ ಹಿಂದೆ ಕೈ ಹಾಕಿದ್ದರು.

"ಯಾರೋ ಗೇಟಿನ ಹತ್ರ ನಿಂತು ತೆಗ್ದಿದ್ದಾರೆ," ಅಂದ ಯೋಗೇಶ್. "ಲಕ್ಕಯ್ಯನೇ ಹೇಳಿ ತೆಗೆಸಿರ್ಬೇಕು."

ಕವನಾ ಫೋನನ್ನು ಹತ್ತಿರ ಹಿಡಿದು ನೋಡಿದಳು. ಅತ್ತೆಯ ಮುಖ ಮಾತ್ರ ಮಂಜು ಕವಿದ ಹಾಗೆ ಮಸುಕಾಗಿತ್ತು. ಕೈ, ಬಳೆ, ಗೊರಬೆ ಎಲ್ಲ ಸ್ಪಷ್ಟ. ಕಳ್ಳನಿಗೆ ಅತ್ತೆಯ ಮುಖ ಮುಚ್ಚುವ ದರ್ದೇನು? ಆಗ ಅವಳಿಗೆ ಹಿಂದಿನ ವರ್ಷದ ಕುಯ್ಲಿನಲ್ಲಿ ಕಂಡ ಕಾರು ನೆನಪಾಯಿತು. ಕಾರಿನ ತಲೆಯ ಮೇಲೆ ಕಂಬ, ಕಂಬದ ತುದಿಯಲ್ಲಿ ಕಪ್ಪು ಚೆಂಡಿನಂಥ ಕ್ಯಾಮೆರಾ. ನಿಧಾನಕ್ಕೆ ಹೋಗಿತ್ತು. ರಸ್ತೆ ಅಗಲ ಮಾಡುವ ಸರ್ವೆ ಇರಬೇಕು ಅಂತ ಅತ್ತೆ ಅಂದಿದ್ದರು.

"ಜಿಕ್ರಾಗೆ ತೋರಿಸೋಣ," ಅಂದಳು. ಅವಳು ತಾನಾಗಿ ಬಾಯಿ ಬಿಟ್ಟದ್ದು ನೋಡಿ ರುಕ್ಮಿಣಮ್ಮನೇ ಎದ್ದು ಸೆರಗು ಸರಿ ಮಾಡಿಕೊಂಡರು. ಮೂವರೂ ಜೀಪು ಹತ್ತಿದರು.

ಜಿಕ್ರಾ ಕವನಾಳ ಜೊತೆ ಓದಿದವಳು. ಈಗ ಕಳಸದ ಪೇಟೆಯಲ್ಲಿ ಪಹಣಿ, ಆಧಾರ್ ಕೆಲಸ ಮಾಡಿಕೊಡುವ ಆನ್‌ಲೈನ್ ಅಂಗಡಿ ಇಟ್ಟಿದ್ದಾಳೆ. ಫೋಟೊ ನೋಡಿ, ಕಾರಿನ ವಿಷಯ ಕೇಳಿದ ಕೂಡಲೇ ಅವಳು ಕಂಪ್ಯೂಟರಿನಲ್ಲಿ ಮ್ಯಾಪ್ ತೆಗೆದು, ಆ ಕಾರು ತೆಗೆದ ರಸ್ತೆ ಫೋಟೊಗಳನ್ನು ಇದರಲ್ಲಿ ಯಾರು ಬೇಕಾದರೂ ನೋಡಬಹುದು ಅಂದಳು.

"ನಮ್ಮನೆ ಏನು ವಿಧಾನಸೌಧನಾ, ಫೋಟೊ ತೆಗೆದು ಊರಿಗೆಲ್ಲ ತೋರಿಸೋಕೆ?" ಅಂದ ಯೋಗೇಶ್.

"ಪಹಣೀಲಿ ಒಂದು ಅಕ್ಷರ ತಪ್ಪಾದ್ರೆ ಹತ್ತು ಸಲ ಓಡಿ ಬರ್ತೀರಿ. ಇಲ್ಲಿ ಮನೆಗೆ ಮನೆಯೇ ಬಯಲಲ್ಲಿ ಬಿದ್ದಿದೆ. ನೋಡಿ ಮಾರಾಯ್ರೆ," ಅಂದಳು ಜಿಕ್ರಾ.

ಪರದೆಯ ಮೇಲೆ ರಸ್ತೆ ಮುಂದೆ ಸರಿಯಿತು. ಬಸ್ ಸ್ಟಾಪು, ಸೇತುವೆ, ತಿರುವು, ಆಮೇಲೆ ಇವರ ಗೇಟು. ಜಿಕ್ರಾ ಬೆರಳಾಡಿಸಿದರೆ ಮನೆ ಹತ್ತಿರ ಬರುತ್ತಿತ್ತು. ಕಾಂಪೌಂಡು ಎಲ್ಲಿ ತಗ್ಗು, ನಾಯಿಯನ್ನು ಎಲ್ಲಿ ಕಟ್ಟುತ್ತಾರೆ, ಉಗ್ರಾಣದ ಬಾಗಿಲು ಯಾವ ಕಡೆ, ಎಲ್ಲ ಕಾಣುತ್ತಿತ್ತು. ಜಗಲಿಯಲ್ಲಿ ಗೊರಬೆ ಎತ್ತಿದ ಅತ್ತೆಯ ಅದೇ ಕೈ.

"ಮುಖಾನೂ ಗಾಡಿ ನಂಬರನ್ನೂ ಕಂಪ್ಯೂಟರೇ ಮಸುಕು ಮಾಡುತ್ತೆ," ಅಂದಳು ಜಿಕ್ರಾ. "ಗೊರಬೆ ಹಿಂದೆ ಎಂತ ಇದೆ ಅಂತ ಅದಕ್ಕೆ ಗೊತ್ತಾಗಲ್ಲ. ಕಳ್ಳರಿಗೆ ಗೊತ್ತಾಯ್ತು. ಅವರು ಮನೆಯಲ್ಲಿ ಕೂತೇ ನಿಮ್ಮ ರಸ್ತೇಲಿ ಓಡಾಡಿದ್ದಾರೆ."

ಯೋಗೇಶ್ ಬೆಂಚಿನ ಮೇಲೆ ಕೂತ. ಆಗ ಕವನಾ ಗೊರಬೆ ತಲೆಕೆಳಗಾಗಿದ್ದ ವಿಷಯ ಹೇಳಿದಳು. ಅವತ್ತೇ ಯಾಕೆ ಹೇಳಲಿಲ್ಲ ಅಂತ ಅವನು ಕೇಳಿದ. ಅಷ್ಟು ಗಂಡಸರ ಮುಂದೆ ಬಾಯಿ ಬರಲಿಲ್ಲ ಅಂದಳು. ಅವತ್ತು ಹೇಳಿದ್ದರೆ ತಾನು ಕೇಳುತ್ತಿದ್ದೆನೋ ಇಲ್ಲವೋ ಅಂತ ಅವನಿಗೇ ಗೊತ್ತಿರಲಿಲ್ಲ.

ಮುಂದೇನು ಮಾಡಬೇಕು ಅಂತ ಜಿಕ್ರಾ ಬಿಡಿಸಿ ಹೇಳಿದಳು. ಆ ಫೋಟೊ ಮೇಲೆಯೇ ದೂರು ಕೊಡುವ ಜಾಗ ಇರುತ್ತದೆ. ಅದನ್ನು ಒತ್ತಿ, ನಮ್ಮ ಮನೆಯನ್ನು ಮಸುಕು ಮಾಡಿ ಅಂತ ಬರೆದು ಕಳಿಸಬಹುದು, ದುಡ್ಡು ಕೊಡಬೇಕಾಗಿಲ್ಲ. ಕೆಲವು ದಿನ ಹಿಡಿಯಬಹುದು. ಒಮ್ಮೆ ಮಸುಕು ಮಾಡಿದರೆ ಸಾಮಾನ್ಯವಾಗಿ ವಾಪಸ್ ತೆಗೆಯುವುದಿಲ್ಲ, ಅದಕ್ಕೆ ಮನೆಯವರೆಲ್ಲ ಒಪ್ಪಿ ಕಳಿಸಬೇಕು. "ಆದ್ರೆ ಯಾರಾದ್ರೂ ಮೊದ್ಲೇ ತೆಗೆದಿಟ್ಟುಕೊಂಡಿದ್ರೆ ಅದನ್ನ ಅಳಿಸೋಕಾಗಲ್ಲ," ಅಂದಳು. "ಬೀಗ ಇವತ್ತೇ ಬದಲಾಯಿಸಿ. ಬೀಗದ ಕೈ ಜೊತೇಲೇ ಇರ್ಲಿ."

ರುಕ್ಮಿಣಮ್ಮ ಪರದೆಯ ಮೇಲಿನ ತಮ್ಮ ಕೈಯನ್ನೇ ನೋಡುತ್ತಿದ್ದರು. "ಕಳಿಸಮ್ಮ," ಅಂದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಮುಂದೆಯೂ ಅಂಥ ಕಾರು ಹೋಗಿರಬಹುದು. ಓಡಿಸುವವರ ಜೊತೆ ಜಗಳ ಬೇಡ, ಕಲ್ಲು ಹೊಡೆಯುವುದಂತೂ ಬೇಡವೇ ಬೇಡ. ಮನೆಯಲ್ಲಿ ಯಾರಿಗಾದರೂ ಟಚ್ ಫೋನ್ ಇದ್ದರೆ ಇವತ್ತೇ ಮ್ಯಾಪಿನಲ್ಲಿ ನಿಮ್ಮ ಗೇಟಿನವರೆಗೆ ಹೋಗಿ ನೋಡಿ. ಗೊತ್ತಾಗದಿದ್ದರೆ ಗ್ರಂಥಾಲಯದಲ್ಲೋ ಆನ್‌ಲೈನ್ ಅಂಗಡಿಯಲ್ಲೋ ಕೇಳಿ, ನಾಚಿಕೆ ಬೇಡ. ಕಾಣಬಾರದ್ದು ಕಂಡರೆ ದೂರು ಕಳಿಸಿ. ಬೀಗದ ಕೈಯನ್ನು ಹೊರಗೆ ಇಡಬೇಡಿ. ಒಣಗಿದ ಮೆಣಸು, ಕಾಫಿ ಚೀಲಗಳನ್ನು ರಸ್ತೆಗೆ ಕಾಣುವ ಹಾಗೆ ಜೋಡಿಸಬೇಡಿ. ಮನೆಯಲ್ಲಿ ಏನಾದರೂ ಕಳೆದರೆ, ಮನೆಗೆ ಬಂದು ಹೋಗುವ ಬಡವರ ಹೆಸರು ಹೇಳುವ ಮೊದಲು ಒಂದು ಗಳಿಗೆ ನಿಲ್ಲಿ. ಕಣ್ಣಿಗೆ ಬಿದ್ದದ್ದನ್ನು ಆ ಹೊತ್ತಿಗೇ ಹೇಳಿ.

ಕವನಾಳ ಮನೆಯವರು ದೂರು ಕಳಿಸಿದರು, ಹೊಸ ಬೀಗ ತಂದರು. ಠಾಣೆಗೂ ಹೋಗಿ ಲಕ್ಕಯ್ಯನ ಮೇಲೆ ತಮಗೆ ಅನುಮಾನವಿಲ್ಲ ಅಂತ ಬರೆದುಕೊಟ್ಟರು. ಅಲ್ಲಿಂದ ಸೀದಾ ಕೂಲಿಕಾರರ ಸಾಲುಮನೆಗಳಿರುವ ಕೂಲಿ ಲೈನಿನ ಕೊನೆಗೆ, ಲಕ್ಕಯ್ಯನ ಮನೆಗೆ ನಡೆದರು.

ಬಾಗಿಲು ಹಾಕಿತ್ತು. ಹೆಂಚಿನ ಸಂದಿಯಿಂದ ಒಲೆಯ ಹೊಗೆ ಬರುತ್ತಿತ್ತು. ಒಳಗೆ ಭಾಗಮ್ಮ ಏನೋ ಹೇಳುತ್ತಿದ್ದವರು ಇವರ ಹೆಜ್ಜೆ ಕೇಳಿ ನಿಲ್ಲಿಸಿದರು. ಯೋಗೇಶ್ ಮೆಟ್ಟಿಲ ಕೆಳಗೇ ನಿಂತ. ರುಕ್ಮಿಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಬಂದು ನಿಂತರು. ಅಷ್ಟು ಜನರ ಎದುರಿಗೆ ಕವನಾ ಮುಂದೆ ಹೋಗಿ ಬಾಗಿಲಿನ ಮೇಲೆ ಕೈ ಇಟ್ಟಳು.

"ಲಕ್ಕಯ್ಯಣ್ಣ, ತಪ್ಪು ನಮ್ಮದು. ಒಂದ್ಸಲ ಬಾಗಿಲು ತೆಗೀರಿ."

ಬಾಗಿಲು ತೆರೆಯಲಿಲ್ಲ, ಕವನಾ ಹೊಸ್ತಿಲ ಪಕ್ಕವೇ ಕಾಯುತ್ತಾ ಕೂತಳು.