ಅವರವರ ಮನೆಗೇ ಹೋಗುವ ವಿಳಾಸ

ಅಕ್ಕನದು ದೊಡ್ಡ ಬಾಯಿ. ಇದು ದೂರಲ್ಲ. ಇಪ್ಪತ್ತು ಹೊಲಿಗೆ ಯಂತ್ರಗಳು ಒಟ್ಟಿಗೆ ಗಡಗಡಿಸುವ ಕೋಣೆಯಲ್ಲಿ ಬಟ್ಟೆ ಕತ್ತರಿಸುವವಳಿಗೆ ಸಣ್ಣ ಬಾಯಿ ಇದ್ದರೆ ನಡೆಯುತ್ತದೆಯೇ? ಅಂಥವಳ ಧ್ವನಿಪೆಟ್ಟಿಗೆಯನ್ನು ಗುರುವಾರ ತೆಗೆಯಲೇಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದಾಗ ಅವಳು ನಕ್ಕುಬಿಟ್ಟಳು.

"ಬಾಯಿದ್ದೋನು ಬರದಲ್ಲೂ ಬದುಕಿದ ಅಂತಾರಲ್ಲ ಡಾಕ್ಟ್ರೇ, ನಾನು ಬಾಯಿಲ್ದೇನೂ ಬದುಕಿ ತೋರಿಸ್ತೀನಿ."

ನಗಲಾರದೆ ಹೋದವಳು ತಂಗಿ. ನಲವತ್ತು ದಾಟಿದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಗುಬ್ಬಿ. ಹದಿನೈದು ವರ್ಷದಿಂದ ವೆಬ್ ಪುಟಗಳನ್ನು ಕಟ್ಟುವುದೇ ಅವಳ ಕೆಲಸ. ಅಕ್ಕ ಎಚ್ಚರಗೊಂಡಾಗ ಅಕ್ಕನ ದನಿ ಅಕ್ಕನ ಕೈಗೆಟುಕುವಂತಿರಬೇಕು ಎಂಬ ಒಂದೇ ಹಠ ಗುಬ್ಬಿಯನ್ನು ಹಿಡಿಯಿತು.

ನಾಲ್ಕು ದಿನ ಬಟ್ಟೆಯ ಥಾನುಗಳ ನಡುವೆ ಕೂತು ಅಕ್ಕನ ದನಿಯನ್ನು ರೆಕಾರ್ಡಿಂಗಿನಲ್ಲಿ ಹಿಡಿದದ್ದಾಯಿತು. ಡಾಕ್ಟರು ಕೊಟ್ಟ ಪಟ್ಟಿಯಲ್ಲಿ 'ನೋವು', 'ಚಳಿ', 'ದಿಂಬು' ಇದ್ದವು. ಅಕ್ಕ ತಾನಾಗಿ ಸೇರಿಸಿದ್ದರಲ್ಲಿ ಮುಕ್ಕಾಲು ಪಾಲು ಬೈಗುಳವೇ. ಗುಬ್ಬಿ ಕಟ್ಟುವ ಪುಟದಲ್ಲಿ ಮಾತಿಗೊಂದು ಗುಂಡಿ, ಒತ್ತಿದರೆ ಅಕ್ಕ ಮಾತಾಡುತ್ತಾಳೆ. ಕೊನೆಯಲ್ಲಿ ಅವಳೊಬ್ಬಳೇ ಕೂತು ಒಂದು ಮಾತು ಹಿಡಿದು ಕಳಿಸಿದಳು. "ಇದನ್ನ ಕೇಳ್ಬೇಡ. ಗುಂಡಿ ಮೇಲೆ ಏನೂ ಬರೀಬೇಡ. ಹಾಗೇ ಸೇರಿಸು."

ಮಂಗಳವಾರ ಪುಟ ಸಿದ್ಧವಾಯಿತು. ಗುಬ್ಬಿ ಹಿಗ್ಗಿ ವಿಳಾಸವನ್ನು ಅಕ್ಕನಿಗೆ ಕಳಿಸಿದಳು. ಐದು ನಿಮಿಷಕ್ಕೆ ಅಕ್ಕನ ಫೋನು.

"ಅಲ್ಲಿ ಯಾರೂ ಇಲ್ವಲ್ಲೇ ಗುಬ್ಬಿ! ಖಾಲಿ ಹಾಳೆ."

ಗುಬ್ಬಿ ಹಣೆ ಚಚ್ಚಿಕೊಂಡಳು. ದೀಪದ ಬುಡದಲ್ಲೇ ಕತ್ತಲೆ. ಅವಳು ಕಳಿಸಿದ್ದು 'ಲೋಕಲ್‌ಹೋಸ್ಟ್' ಎಂಬ ವಿಳಾಸ. ಅದನ್ನು ಯಾರು ಬರೆದರೂ ಅದು ಅವರವರ ಕಂಪ್ಯೂಟರಿಗೇ ಹೋಗಿ ಬಾಗಿಲು ತಟ್ಟುತ್ತದೆ. ಗುಬ್ಬಿಯ ಮನೆಯಲ್ಲಿ ಬಾಗಿಲು ತೆರೆಯಲು ಸರ್ವರ್ ಎಂಬ ಕೆಲಸಗಾರನಿದ್ದ. ಅಕ್ಕನ ಮನೆಯಲ್ಲಿ ಅವನಿರಲಿಲ್ಲ.

"ಹಾಗಾದ್ರೆ ಇಂಟರ್‌ನೆಟ್ಟಿಗೇ ಹಾಕ್ತೀನಿ ಬಿಡು."

"ಬೇಡಮ್ಮ. ನನ್ನ ದನಿ ಊರವರಿಗೆಲ್ಲ ಯಾಕೆ? ನಮ್ಮನೇಲೇ ಇರ್ಲಿ."

ಅದೂ ಸರಿಯೇ. ಹೇಗೂ ಅಕ್ಕ ಸೇರಬೇಕಿದ್ದ ಆಸ್ಪತ್ರೆಯ ವಾರ್ಡು ನೆಲಮಾಳಿಗೆಯಲ್ಲಿತ್ತು, ಅಲ್ಲಿ ಸಿಗ್ನಲ್ ಬರುತ್ತಿರಲಿಲ್ಲ. ಹಾಗಾದರೆ ಬುತ್ತಿಯ ಜೊತೆ ಬಡಿಸುವವನನ್ನೂ ಕಟ್ಟಿ ಕಳಿಸುವುದೊಂದೇ ದಾರಿ. ಒಂದು ಪುಟ್ಟ ಸರ್ವರ್ ಪ್ರೋಗ್ರಾಂ, ಪುಟ, ದನಿಗಳು, ಎಲ್ಲವೂ ಒಂದೇ ಫೋಲ್ಡರಿನಲ್ಲಿ. ಅಳವಡಿಸುವ ರಗಳೆಯಿಲ್ಲ, ಪಾಸ್‌ವರ್ಡ್ ಇಲ್ಲ. ಕತ್ತರಿಯ ಚಿತ್ರವನ್ನು ಎರಡು ಸಲ ಒತ್ತಿದರೆ ಸರ್ವರ್ ಏಳಬೇಕು, ಪುಟ ತಾನೇ ತೆರೆಯಬೇಕು.

ಬುಧವಾರ ಮಧ್ಯಾಹ್ನ ಆ ಗಂಟು ಕಟ್ಟುತ್ತ ಕೂತವಳಿಗೆ ಮೇಜಿನ ಮೇಲೇ ಜೊಂಪು ಹತ್ತಿತು. ಒಂದು ಉದ್ದನೆಯ ಬೀದಿ ಕಂಡಿತು. ಮನೆಮನೆಯ ಬಾಗಿಲ ಮೇಲೂ ಒಂದೇ ಸಂಖ್ಯೆ. ಒಂದನ್ನು ತಳ್ಳಿದರೆ ಒಳಗೆ ಅಕ್ಕ, ನೀಲಿ ಬಟ್ಟೆ ಹಾಸಿಕೊಂಡು ಕತ್ತರಿಸುತ್ತಿದ್ದಾಳೆ. ಇನ್ನೊಂದನ್ನು ತಳ್ಳಿದರೆ ಅಲ್ಲೂ ಅಕ್ಕ, ಬಟ್ಟೆ ಮಾತ್ರ ಹಳದಿ. ಕತ್ತರಿ ಕರಕರ ಎನ್ನುತ್ತಿತ್ತು. ಅಕ್ಕನ ತುಟಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎಷ್ಟು ಬಾಗಿಲು ತಳ್ಳಿದಳೋ ಲೆಕ್ಕವಿಲ್ಲ. ಎದ್ದಾಗ ಕೆನ್ನೆಯ ಮೇಲೆ ಕೀಬೋರ್ಡಿನ ಗುರುತು ಮೂಡಿತ್ತು, ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು.

ಸಂಜೆ ಆಸ್ಪತ್ರೆಗೆ ಹೋಗಿ ಅಕ್ಕನ ಹಳೆಯ ಲ್ಯಾಪ್‌ಟಾಪಿಗೆ ಫೋಲ್ಡರ್ ಇಳಿಸಿದಳು. ಕತ್ತರಿ ಒತ್ತಿದಳು. ಪುಟ ಅರಳಿತು, ಬಣ್ಣಬಣ್ಣದ ಗುಂಡಿಗಳು ಸಾಲಾಗಿ ಬಂದವು. ಒಂದನ್ನು ಒತ್ತಲು ಹೋದವಳ ಕೈಯನ್ನು ಅಕ್ಕ ಹಿಡಿದಳು.

"ನಾನಿನ್ನೂ ಮಾತಾಡ್ತಾ ಇದ್ದೀನಲ್ಲ, ಅದ್ಯಾಕೆ ಮಧ್ಯೆ ಬಾಯಿ ಹಾಕ್ಬೇಕು? ಅದರ ಸರದಿ ಬಂದಾಗ ಬರ್ಲಿ."

ಗುಬ್ಬಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅವತ್ತು ಸಂಜೆಯೆಲ್ಲ ಅಕ್ಕ ಮಾತಾಡಿದಳು, ತಂಗಿ ಕೇಳಿದಳು.

ಗುರುವಾರ ಆಪರೇಷನ್ ಮುಗಿಯಿತು. ಶನಿವಾರ ಬೆಳಿಗ್ಗೆ ಅಕ್ಕನಿಗೆ ಚೆನ್ನಾಗಿ ಎಚ್ಚರವಾಯಿತು. ಕುತ್ತಿಗೆಗೆ ಪಟ್ಟಿ, ಮುಖ ಸೊರಗಿತ್ತು, ಕಣ್ಣು ಮಾತ್ರ ಅವೇ. ಗುಬ್ಬಿ ಲ್ಯಾಪ್‌ಟಾಪನ್ನು ಅವಳ ಮಡಿಲಿಗಿಟ್ಟಳು. ಅಕ್ಕ 'ದಿಂಬು' ಒತ್ತಿದಳು. ಸದ್ದಿಲ್ಲ. 'ನೋವು' ಒತ್ತಿದಳು. ಸದ್ದಿಲ್ಲ. ಅಕ್ಕ ತಲೆಯೆತ್ತಿ ತಂಗಿಯನ್ನು ನೋಡಿದಳು. ಆ ಕಣ್ಣಿನಲ್ಲಿ ಗುಬ್ಬಿ ಮೊದಲ ಸಲ ಹೆದರಿಕೆ ಕಂಡಳು.

ಗುಬ್ಬಿ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಒಳಗೆ ಹುಡುಕಿದಳು. ಸರ್ವರ್ ಎದ್ದಿತ್ತು, ದನಿಗಳೂ ಇದ್ದವು. ಆದರೆ ಪುಟವು ಅವನ್ನು ಗುಬ್ಬಿಯ ಕಂಪ್ಯೂಟರಿನ, ಗುಬ್ಬಿಯ ಮೇಜಿನ, ಗುಬ್ಬಿಯ ಹೆಸರಿನ ಫೋಲ್ಡರಿನಲ್ಲಿ ಹುಡುಕುತ್ತಿತ್ತು. ಅವಳ ಯಂತ್ರದಲ್ಲಿ ಅದು ನೂರು ಸಲ ಓಡಿತ್ತು. ಅವಳೂ ಹದಿನೈದು ವರ್ಷ ಬೇರೆಯವರ ಇದೇ ತಪ್ಪಿಗೆ ನಕ್ಕಿದ್ದಳು. ಆ ಉದ್ದನೆಯ ದಾರಿಯನ್ನು ಅಳಿಸಿದಳು. 'ಇಲ್ಲೇ, ಪಕ್ಕದಲ್ಲೇ ನೋಡು' ಎಂಬುದಕ್ಕೆ ಒಂದು ಚುಕ್ಕೆ ಇಟ್ಟಳು. ಅಷ್ಟು ಮಾಡುವುದರೊಳಗೆ ಕಣ್ಣೀರು ಇಳಿದು ಅಕ್ಷರಗಳು ಮಸುಕಾಗಿದ್ದವು. ಅಕ್ಕ ಮಂಚದ ಅಂಚನ್ನು ಪಟಪಟ ಬಡಿಯುತ್ತಿದ್ದಳು.

ಸರ್ವರನ್ನು ಮತ್ತೆ ಎಬ್ಬಿಸಿದಳು. ಅಕ್ಕ ಈ ಸಲ ದಿಂಬನ್ನೂ ಒತ್ತಲಿಲ್ಲ, ನೋವನ್ನೂ ಒತ್ತಲಿಲ್ಲ. ಬೆರಳು ಮೆಲ್ಲಗೆ ಕೊನೆಯ, ಏನೂ ಬರೆಯದ ಗುಂಡಿಗೆ ಹೋಯಿತು.

ಮೊದಲು ಹಿನ್ನೆಲೆಯಲ್ಲಿ ಕತ್ತರಿಯ ಕರಕರ. ಆಮೇಲೆ ಇಡೀ ವಾರ್ಡು ತಿರುಗಿ ನೋಡುವಂಥ ದನಿ.

"ಗುಬ್ಬೀ, ಅಳ್ತಾ ಇದ್ದೀಯ ಅಂತ ಗೊತ್ತು ನಂಗೆ. ಸಾಕು. ಮೂಗು ಒರೆಸ್ಕೊಂಡು ದಿಂಬು ಸರಿ ಮಾಡು."

ಗುಬ್ಬಿ ಮೂಗು ಒರೆಸಿಕೊಂಡು ದಿಂಬು ಸರಿ ಮಾಡಿದಳು. ಅಕ್ಕ ಕಣ್ಣಲ್ಲೇ ನಕ್ಕು ಅದೇ ಗುಂಡಿಯನ್ನು ಮತ್ತೆ ಒತ್ತಿದಳು.